ಗಾಳಕ್ಕೆ ಸಿಕ್ಕ ಪಟಕಾ

ಹವ್ಯಾಸವೊಂದನ್ನು ಆರಿಸಿಕೊಳ್ಳುವ ಮೊದಲು ಮನುಷ್ಯ ತನ್ನ ಊರು, ಮನೆತನ, ಹೆಂಡತಿ ಈ ಮೂರನ್ನೂ ಒಮ್ಮೆ ವಿಚಾರಿಸಬೇಕು. ನಾನು ಯಾವುದನ್ನೂ ವಿಚಾರಿಸಲಿಲ್ಲ. ಊರು ವಿಜಯಪುರ, ಇಲ್ಲಿ ನೀರಿಗಿಂತ ಬಿಸಿಲು ಹೆಚ್ಚು. ಮನೆತನದಲ್ಲಿ ಮೊಟ್ಟೆ ತಿಂದವರ ಹೆಸರನ್ನೂ ಊಟದ ಹೊತ್ತಿಗೆ ಎತ್ತುವುದಿಲ್ಲ. ಹೆಂಡತಿ ಗಿರಿಜಾ ಸಾರವಾಡದ ಹೆಣ್ಣುಮಗಳು, ಬೆಳ್ಳುಳ್ಳಿಯ ವಾಸನೆಗೂ ಸೋಮವಾರ ರಜೆ ಕೊಡುವಾಕೆ. ಇಂಥ ಮನೆಯಲ್ಲಿ ಇದ್ದುಕೊಂಡು ನಾನು ಹಿಡಿದದ್ದು ಮೀನು ಹಿಡಿಯುವ ಹುಚ್ಚು.

ಅದೂ ಎರೆಹುಳು ಚುಚ್ಚಿ ಕುಳಿತುಕೊಳ್ಳುವ ಸಾದಾ ಗಾಳವಲ್ಲ. ನನ್ನದು ನೊಣದ ಗಾಳ. ಸಣ್ಣ ಕೊಕ್ಕೆಗೆ ಕೋಳಿಯ ಪುಕ್ಕವನ್ನು ದಾರದಿಂದ ಸುತ್ತಿ ನೊಣದಂತೆ ಮಾಡಬೇಕು. ಅದಕ್ಕೆ ಭಾರವೇ ಇರದ ಕಾರಣ ಸುಮ್ಮನೆ ಎಸೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಆದ್ದರಿಂದ ಬಾರಕೋಲು ಬೀಸುವಂತೆ ಉದ್ದನೆಯ ದಾರವನ್ನು ತಲೆಯ ಮೇಲಿಂದ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸಿ ನೀರಿನ ಮೇಲೆ ಇಳಿಸಬೇಕು. ಮೊಬೈಲಿನಲ್ಲಿ ಯಾರೋ ಪರದೇಶದವನು ಹೀಗೆ ಬಗೆಬಗೆಯ ಮೀನು ಹಿಡಿದು, ಮುದ್ದು ಮಾಡಿ, ಮರಳಿ ನೀರಿಗೆ ಬಿಡುವುದನ್ನು ನೋಡಿದೆ. ನಮ್ಮ ಸುತ್ತಿನ ಕೆರೆಗಳಿಗೂ ಈಗ ಕಾಲುವೆಯ ನೀರು ಬಂದಿದೆ, ನೀರಿನ ಹಿಂದೆ ಮೀನೂ ಬಂದಿವೆ. ತಿಕೋಟಾದಿಂದ ಬಬಲೇಶ್ವರದವರೆಗೆ ಎಷ್ಟು ಜಾತಿಯ ಮೀನುಗಳಿವೆಯೋ ಅಷ್ಟನ್ನೂ ಒಂದೊಂದು ಸಲ ಹಿಡಿದು ಬಿಡಬೇಕೆಂದು ನನಗೆ ನಾನೇ ಪಣ ತೊಟ್ಟೆ. ಯಾಕೆ ಎಂದು ಕೇಳಬೇಡಿ. ಆಮೇಲೆ ಒಬ್ಬರು ಕೇಳಿಯೇ ಕೇಳಿದರು.

ಪುಕ್ಕ ಒದಗಿಸುತ್ತಿದ್ದವನು ನಮ್ಮ ಆಫೀಸಿನ ಮೆಹಬೂಬ. ರವಿವಾರ ಜೊತೆಗೂ ಬರುತ್ತಿದ್ದ, ಯಾವ ಮೀನಿನ ಹೆಸರೇನೆಂದು ಅವನೇ ಹೇಳಬೇಕಾಗಿತ್ತು. ಆದರೆ ತಿಕೋಟಾದ ಕೆರೆಯಲ್ಲಿ ಒಳ್ಳೆ ಮೈಕೈ ತುಂಬಿಕೊಂಡ ಕಟ್ಲಾ ಸಿಕ್ಕು, ನಾನದನ್ನು ನೀರಿಗೆ ಬಿಟ್ಟ ದಿನ ಅವನು ದಂಡೆಯ ಮೇಲೆ ಕುಸಿದು ಕುಳಿತ. “ಸಾಹೇಬ್ರ, ನಿಮ್ಮ ಮಂದಿ ಮೀನ ತಿನ್ನೋದು ಪಾಪ ಅಂತಾರ. ಖರೇ ಪಾಪ ಅಂದ್ರ ಇದು ನೋಡ್ರಿ” ಎಂದ. ಅಂದಿನಿಂದ ಪುಕ್ಕ ಮಾತ್ರ ಕೊಡುತ್ತಾನೆ, ತಾನು ಬರುವುದಿಲ್ಲ.

ರೋಹು ಆಯಿತು, ಜಿಲೇಬಿ ಮೀನು ಆಯಿತು, ಹೆಸರು ಗೊತ್ತಿಲ್ಲದ ಬೆರಳುದ್ದದ ಮೀನುಗಳೂ ಆದವು. ಸಿಗದೆ ಉಳಿದದ್ದು ಮರಲ. ಹಾವಿನ ತಲೆ, ಸಿಟ್ಟಿನ ಮುಖ, ಒಂದು ನೆರಳು ಬಿದ್ದರೂ ಮಾಯವಾಗುವ ಜಾಣ ಮೀನು. ನನ್ನ ಮಟ್ಟಿಗೆ ಅದು ಮೀನಾಗಿ ಉಳಿದಿರಲಿಲ್ಲ, ಮೇಲಧಿಕಾರಿಯಾಗಿತ್ತು.

ಇದೇ ಹೊತ್ತಿಗೆ ಗಿರಿಜಾಳ ತಂಗಿ ಸುಮಾಗೆ ಬಿಜ್ಜರಗಿಯ ಒಂದು ಸಂಬಂಧ ಬಂತು. ಹುಡುಗನಿಗೆ ದ್ರಾಕ್ಷಿ ತೋಟವಿತ್ತು, ಮಾತಿನಲ್ಲಿ ಮರ್ಯಾದೆಯೂ ಇತ್ತು. ಸುಮಾ ಹಿಂದೆ ಬಂದವರನ್ನೆಲ್ಲ ಒಂದೊಂದು ನೆಪ ಹೇಳಿ ಬೇಡ ಎಂದವಳು, ಇವನ ಫೋಟೋ ನೋಡಿ ಸುಮ್ಮನಾದಳು. ಅವಳು ಸುಮ್ಮನಾಗುವುದೆಂದರೆ ಒಪ್ಪಿಗೆಯೇ. ಕನ್ಯಾ ನೋಡಲು ಅವರು ಸಾರವಾಡಕ್ಕೆ ಬರುವ ದಿನ ಗಿರಿಜಾ ಬೆಳಿಗ್ಗೆಯೇ ಎಚ್ಚರಿಸಿದಳು. “ಇವತ್ತೊಂದ ದಿನ ಆ ಮೀನ ಬಿಡ್ರಿ.”

“ನಾನೇನು ಇಟ್ಕೋತೇನ? ಹಿಡದದ್ದೆಲ್ಲಾ ಬಿಡತೇನಲ್ಲ” ಎಂದೆ. ಅವಳು ನಗಲಿಲ್ಲ.

ಸಾರವಾಡದಲ್ಲಿ ಮಾವನವರು ನನಗೆ ವಹಿಸಿದ್ದು ಒಂದೇ ಕೆಲಸ. ಕೆರೆಯ ದಂಡೆಯ ತಿರುವಿನಲ್ಲಿ ನಿಂತು, ಬೀಗರಾಗುವವರಿಗೆ ಮನೆಯ ದಾರಿ ತೋರಿಸುವುದು. “ಅಳಿಯಂದ್ರ, ನೀವು ದೊಡ್ಡವ್ರು, ನೀವ ಎದುರುಗೊಂಡ್ರ ಒಂದು ತೂಕ ಇರತೈತಿ” ಎಂದರು. ತೂಕದ ಮನುಷ್ಯ ಹೋಗಿ ನಿಂತೆ. ಹೇಳಿದ ಹೊತ್ತು ಮೀರಿದರೂ ಅವರು ಬರಲಿಲ್ಲ. ಅಷ್ಟರಲ್ಲಿ ಜಾಲಿಗಿಡದ ನೆರಳಿನ ನೀರಿನಲ್ಲಿ ಹಾವಿನ ತಲೆಯೊಂದು ಮೇಲೆ ಬಂದು, ಗಾಳಿ ನುಂಗಿ, ನನ್ನನ್ನು ನೋಡಿಯೂ ನೋಡದಂತೆ ಕೆಳಗಿಳಿಯಿತು. ಗಾಳದ ಕೋಲು ಕಾರಿನ ಡಿಕ್ಕಿಯಲ್ಲೇ ಇತ್ತು. ಮುಂದಿನದನ್ನು ನೀವು ಊಹಿಸಬಹುದು. ನನ್ನ ಹೆಂಡತಿ ಕೂಡ ಊಹಿಸಬೇಕಾಗಿತ್ತು.

ನೀರಿನ ಕಡೆಗೇ ಕಣ್ಣಿಟ್ಟು ದಾರ ಬೀಸತೊಡಗಿದೆ. ಹಿಂದೆ ಕಾರು ನಿಂತದ್ದು, ಅದರಿಂದ ಒಬ್ಬರು ಇಳಿದು ದಾರಿ ಕೇಳಲು ನನ್ನ ಬೆನ್ನ ಹಿಂದೆ ಬಂದದ್ದು ಯಾವುದೂ ತಿಳಿಯಲಿಲ್ಲ. “ತಮ್ಮಾ” ಎಂಬ ಮಾತು ಕಿವಿಗೆ ಬೀಳುವುದಕ್ಕೂ ನಾನು ಜೋರಾಗಿ ಮುಂದಕ್ಕೆ ಬೀಸುವುದಕ್ಕೂ ಸರಿಹೋಯಿತು. ನನ್ನ ತಲೆಯ ಮೇಲಿಂದ ತಲೆಗೆ ಸುತ್ತುವ ಕೇಸರಿ ಬಣ್ಣದ ದೊಡ್ಡ ಪಟಕಾವೊಂದು ಹಾರಿಹೋಗಿ, ಮರಲ ಇದ್ದ ಜಾಗದಲ್ಲೇ ಬಿದ್ದು, ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳತೊಡಗಿತು. ಅಷ್ಟು ಗುರಿಯಿಟ್ಟು ನಾನು ಹಿಂದೆಂದೂ ಬೀಸಿರಲಿಲ್ಲ.

ತಿರುಗಿ ನೋಡಿದರೆ ಬರಿದಲೆಯ ಹಿರಿಯರೊಬ್ಬರು ನಿಂತಿದ್ದರು. ಸಿಟ್ಟೂ ಇಲ್ಲ, ನಗೆಯೂ ಇಲ್ಲ. “ಮೊದಲ ಅದನ್ನ ದಂಡಿಗೆ ತರ್ರಿ” ಎಂದರು. ನಾನು ಮೆಲ್ಲಗೆ ಎಳೆದೆ. ಅದು ಭಾರವಾಗಿ, ಮಡಿಕೆ ಬಿಚ್ಚುತ್ತ, ಯಾವ ಮೀನೂ ಬರದಷ್ಟು ಗಾಂಭೀರ್ಯದಿಂದ ಬಂತು. ಗಡಿಬಿಡಿಯಲ್ಲಿ ದಾರ ಹರಿದು, ಹಿಂಡಿ ಕೊಟ್ಟೆ. ಅವರು ಅದನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮಾವನವರ ಹೆಸರು ಹೇಳಿ, “ಇವರ ಮನಿ ಯಾ ಕಡೆ ಬರತೈತಿ?” ಎಂದು ಕೇಳಿದರು.

“ಬರ್ರಿ, ನಿಮ್ಮನ್ನ ಕರಕೊಂಡು ಹೋಗಾಕ ನಿಂತೇನಿ. ನಾ ಆ ಮನಿ ಹಿರಿ ಅಳಿಯ ರಿ” ಎಂದೆ. ಕಾರಿನಲ್ಲಿದ್ದ ಹುಡುಗ ಕಿಟಕಿಯ ಗಾಜು ಏರಿಸಿಕೊಂಡ.

ಹಿರಿಯರು ಹುಡುಗನ ದೊಡ್ಡಪ್ಪ. ಶುಭಕಾರ್ಯಕ್ಕೆ ಬಂದ ಅವರು ಬರಿದಲೆಯಲ್ಲಿ ಹೊಸ್ತಿಲು ದಾಟಿದ್ದನ್ನು ನೋಡಿ ಅತ್ತೆಯವರು ಅಪಶಕುನವೆಂದು ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಗಾಳಿಗೆ ಹಾರಿ ಕೆರಿಯಾಗ ಬಿತ್ರಿ” ಎಂದು ದೊಡ್ಡಪ್ಪನೇ ಸಂಭಾಳಿಸಿದರು. ದೊಡ್ಡ ಮನಸ್ಸು. ಆದರೆ ಒದ್ದೆ ಪಟಕಾವನ್ನು ಒಣಹಾಕಲು ಹೋದ ಗಿರಿಜಾ “ಯವ್ವಾ!” ಎಂದು ಚೀರಿದಳು. ಅವಳ ಬೆರಳಿಗೆ ಕೊಕ್ಕೆ ಚುಚ್ಚಿತ್ತು, ಕೊಕ್ಕೆಗೆ ಪುಕ್ಕವಿತ್ತು. ಅವಳು ನನ್ನನ್ನು ನೋಡಿದ ನೋಟಕ್ಕೆ ನಾನು ಮಂಡಕ್ಕಿ ಸೂಸಲದ ತಟ್ಟೆಯನ್ನು ಕೆಳಗಿಟ್ಟೆ.

ಇನ್ನು ಮುಚ್ಚಿಡುವುದೇನೂ ಉಳಿಯಲಿಲ್ಲ. ಎಲ್ಲರ ಮುಂದೆ ದೊಡ್ಡಪ್ಪ ಕೇಳಿದರು. “ಮೀನ ತಿಂತೀರೇನು?”

“ಇಲ್ರಿ. ಹಿಡಿದು ಬಿಡತೇನಿ.”

“ಮತ್ತ ಯಾಕ ಹಿಡೀತೀರಿ?”

“ಎಲ್ಲಾ ಜಾತಿದ್ದು ಒಂದೊಂದು ಹಿಡೀಬೇಕಂತ...”

ಅವರು ನನ್ನನ್ನೊಮ್ಮೆ ನೋಡಿದರು. ಆಮೇಲೆ ಮಾವನವರನ್ನು ನೋಡಿದರು. ಮಾವನವರು ನೆಲ ನೋಡುತ್ತಿದ್ದರು. ಬಿಜ್ಜರಗಿಯವರು ತಿಳಿಸುತ್ತೇವೆ ಎಂದಷ್ಟೇ ಹೇಳಿ, ಚಹಾ ಕುಡಿದು ಹೋದರು.

ಮನೆಯಲ್ಲಿ ನನಗೆ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಸುಮಾ ಮಾತ್ರ ಹೊರಡುವಾಗ ಕಾರಿನ ಹತ್ತಿರ ಬಂದು, “ಮಾಮಾ, ಇದೊಂದ ಮನಸಿಗೆ ಬಂದಿತ್ತು” ಎಂದು ಒಳಗೆ ಹೋದಳು. ವಿಜಯಪುರ ಮುಟ್ಟುವವರೆಗೆ ಗಿರಿಜಾ ಬೆರಳು ಹಿಡಿದುಕೊಂಡು ಕುಳಿತಿದ್ದಳು. ಕೋಲನ್ನು ಅಟ್ಟಕ್ಕೆ ಹಾಕಿದೆ. ಹಾಕು ಎಂದು ಯಾರೂ ಹೇಳಿರಲಿಲ್ಲ.

ಬಿಜ್ಜರಗಿಯಿಂದ ಫೋನು ಬಂದಾಗ ಮಾವನವರು ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದರಂತೆ, ಹೀಗಾಗಿ ಮಾತು ಅಕ್ಷರ ಬಿಡದೆ ನನಗೂ ಮುಟ್ಟಿತು. ಸಂಬಂಧ ಒಪ್ಪಿಗೆಯಾಗಿತ್ತು. “ನಮ್ಮ ಹುಡುಗ ಸ್ವಲ್ಪ ಹಟಮಾರಿ ಅದಾನ್ರಿ” ಎಂದಿದ್ದರು ದೊಡ್ಡಪ್ಪ. “ಸಹನಾ ಇರೋ ಮನಿ ಹುಡುಕಾಕತ್ತಿದ್ವಿ. ಅಂಥಾ ಅಳಿಯನ್ನ ಇಟಗೊಂಡೂ ನೀವು ಒಂದ ಮಾತ ಆಡಲಿಲ್ಲ. ಇದಕ್ಕಿಂತ ಇನ್ನೇನು ಪರೀಕ್ಷಾ ಮಾಡೋದೈತಿ?” ಮಾವನವರು ಇದನ್ನು ನನಗೆ ಹೇಳುವಾಗ ಬೆನ್ನು ತಟ್ಟಿದರು. ಗಿರಿಜಾ ಬಹಳ ದಿನಗಳ ಮೇಲೆ ನಕ್ಕಳು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಮದುವೆ ಚೆನ್ನಾಗಿಯೇ ಆಯಿತು. ಬಿಜ್ಜರಗಿಯ ಹಿರಿಯರೆಲ್ಲ ಮುಂದಿನ ಸಾಲಿನಲ್ಲಿ ಬಣ್ಣಬಣ್ಣದ ಪಟಕಾ ಸುತ್ತಿಕೊಂಡು ಕುಳಿತಿದ್ದರು. ಅವರ ಹಿಂದೆ ನಾನು ನಿಂತಿದ್ದೆ. ವಾಲಗದ ಸದ್ದು ಏರಿತು, ಅಕ್ಕಿಕಾಳು ಹಾಕಲು ಎಲ್ಲರಂತೆ ನಾನೂ ಕೈ ಹಿಂದಕ್ಕೆ ಎತ್ತಿದೆ. ದೊಡ್ಡಪ್ಪ ಒಮ್ಮೆ ತಿರುಗಿ ನೋಡಿದರು, ಪಕ್ಕದವರಿಗೆ ಏನೋ ಹೇಳಿದರು. ಮುಂದಿನ ಸಾಲಿನವರೆಲ್ಲ ಒಂದು ಕೈಯಲ್ಲಿ ಅಕ್ಕಿಕಾಳು ಹಾಕಿ, ಇನ್ನೊಂದು ಕೈಯಿಂದ ಪಟಕಾ ಗಟ್ಟಿಯಾಗಿ ಹಿಡಿದುಕೊಂಡರು.