ಏಳು ಪೌಂಡಿನ ಟ್ರಿಗರನ್ನು ದಯಮಾಡಿ ವಾಪಸು ಕೊಡಿ

ರೈಫಲ್ ಕಾರ್ಖಾನೆಯ ಟ್ರಿಗರ್ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಪೆನ್ಸಿಲ್ವೇನಿಯಾದ ಪಾಟರ್ ಕೌಂಟಿಯ ಬೆಟ್ಟದ ಮೇಲೆ, ಸೌದೆ ಒಲೆಗೆ ಬೆನ್ನು ಕೊಟ್ಟು, ಹಿಂಬದಿಯಲ್ಲಿ ಒಂದು ಗೇಣು ಬಟ್ಟೆಯಿಲ್ಲದ ಅಂಗಿ ತೊಟ್ಟು ಕುಳಿತಿರುವ ಎಲ್ವುಡ್ ಸ್ಟಾಲ್‌ನೆಕರ್ ಎಂಬ ನಾನು, ತಮಗೂ ತಮ್ಮ ಕುಟುಂಬಕ್ಕೂ ತಮ್ಮ ಕಾರ್ಖಾನೆಯ ಸಮಸ್ತ ಸ್ಕ್ರೂಗಳಿಗೂ ಕ್ಷೇಮವನ್ನು ಹಾರೈಸುತ್ತಾ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಟ್ರಿಗರಿನ ದೊಡ್ಡ ಗುಣವನ್ನು ನಾನು ತಡವಾಗಿ ಅರಿತೆ.

ಮೂರು ವರ್ಷದ ಹಿಂದೆ ಅಪ್ಪನ ಹಳೇ ರೈಫಲನ್ನು ಅಕ್ಕ ವೆರ್ನಾಳಿಗೆ ಕೊಟ್ಟು, ತಮ್ಮ ಹೊಚ್ಚ ಹೊಸ ರೈಫಲನ್ನು ಕೊಂಡುಕೊಂಡೆ. ಮೀನು ತೂಗುವ ಕೊಕ್ಕೆ ತಕ್ಕಡಿಯನ್ನು ಅದಕ್ಕೆ ಸಿಕ್ಕಿಸಿ ಎಳೆದರೆ ಮುಳ್ಳು ಏಳು ಪೌಂಡ್ ದಾಟಿದ ಮೇಲೂ ತಮ್ಮ ಟ್ರಿಗರ್ ಇನ್ನೂ ಯೋಚಿಸುತ್ತಲೇ ಇತ್ತು. ಅದು ಬೆರಳಿಗಾಗಿ ಅಲ್ಲ, ಅಕಸ್ಮಾತ್ ಗುಂಡು ಹಾರಿ ಕೇಸು ಬೀಳದಿರಲೆಂದು ಕಂಪನಿಯ ವಕೀಲರಿಗಾಗಿ ಮಾಡಿದ ಟ್ರಿಗರ್ ಎಂದು ಅಂಗಡಿಯವನು ಗುಟ್ಟಾಗಿ ಹೇಳಿದ. ನಾನು ಎಳೆದು ಮುಗಿಸುವಷ್ಟರಲ್ಲಿ ಜಿಂಕೆ ಪಕ್ಕದ ಕೌಂಟಿಯಲ್ಲಿ ಮೇಯುತ್ತಿರುತ್ತಿತ್ತು. ಎರಡು ವರ್ಷ ಎರಡು ಜಿಂಕೆಗಳು ಹೀಗೆ ತಪ್ಪಿಸಿಕೊಂಡವು.

ನಮ್ಮ ಶಿಕಾರಿ ಮನೆಯಲ್ಲಿ ಗುರಿ ತಪ್ಪಿದವನ ಅಂಗಿಯ ಹಿಂದಿನ ತುದಿಯನ್ನು ಕತ್ತರಿಸಿ, ಅದರ ಮೇಲೆ ಹೆಸರು, ವರ್ಷ, ತಪ್ಪಿದ ಕಾರಣ ಬರೆದು ತೊಲೆಗೆ ಮೊಳೆ ಹೊಡೆಯುತ್ತಾರೆ. ಕತ್ತರಿ ಕ್ಲೆಟಸ್ ಚಿಕ್ಕಪ್ಪನದು. ಎಂಬತ್ತನಾಲ್ಕರ ವಯಸ್ಸಿನಲ್ಲಿ ಅವನಿಗೆ ಚಮಚ ಹಿಡಿದರೆ ಕೈ ನಡುಗುತ್ತದೆ, ಕತ್ತರಿ ಹಿಡಿದರೆ ನಡುಗುವುದಿಲ್ಲ. ಇದರ ಜೊತೆಗೆ ಇನ್ನೊಂದು ಕಟ್ಟಳೆಯಿದೆ. ಬೀಚ್ ಮರದ ಬುಡದಲ್ಲಿ ನಮ್ಮಪ್ಪ ನಲವತ್ತು ವರ್ಷ ಕೂತ ಕಲ್ಲಿದೆ. ಅಲ್ಲಿ ಕೂತವನ ಗುರಿ ಬಂದೂಕಿನ ದೋಷದಿಂದ ತಪ್ಪಿದರೆ ಅಂಗಿ ಮಾತ್ರ ಹೋಗುತ್ತದೆ, ಕೈಯ ದೋಷದಿಂದ ತಪ್ಪಿದರೆ ಅಂಗಿಯ ಹಿಂದೆಯೇ ಕಲ್ಲೂ ಇನ್ನೊಬ್ಬರ ಪಾಲಾಗುತ್ತದೆ. ಅಪ್ಪನ ನಂತರ ನನಗೆ ಬಂದ ಆ ಕಲ್ಲಿಗಾಗಿ ವೆರ್ನಾ ಹನ್ನೊಂದು ವರ್ಷದಿಂದ ಕಾದಿದ್ದಳು. ನಾಚಿಕೆ ಬಿಟ್ಟು ಹೇಳುತ್ತೇನೆ ಮಾನ್ಯರೇ, ಅಪ್ಪ ಸತ್ತಿದ್ದಾನೆ ಎಂಬುದು ನನಗೆ ಮರೆತುಹೋಗುವುದು ಅಲ್ಲಿ ಕೂತಾಗ ಮಾತ್ರ.

ತೊಲೆಯ ಮೇಲೆ ನನ್ನ ಮೊದಲ ತುಂಡಿನಲ್ಲಿ ‘ಕಾರಣ: ಟ್ರಿಗರ್’ ಎಂದೂ, ಎರಡನೆಯದರಲ್ಲಿ ‘ಕಾರಣ: ಅದೇ ಟ್ರಿಗರ್’ ಎಂದೂ ಬರೆದಿದೆ. ಹೀಗೆ ತಾವು ಎರಡು ವರ್ಷ ನನ್ನ ಮಾನವನ್ನೂ ಕಲ್ಲನ್ನೂ ಕಾಪಾಡಿದಿರಿ. ಕೃತಘ್ನನಾದ ನಾನು ಅದನ್ನು ರಿಪೇರಿ ಮಾಡಿದೆ.

ಆಗಸ್ಟ್ ತಿಂಗಳಿಡೀ, ಬನಿಯನ್ನಿನಲ್ಲಿ ಕೂತು ಬರ್ಚ್ ಬಿಯರ್ ಕುಡಿಯುತ್ತಾ, ಸ್ಪ್ರಿಂಗ್ ಬದಲಿಸಿ ಏಳು ಪೌಂಡನ್ನು ಎರಡೂವರೆಗೆ ಇಳಿಸಿದೆ. ಬಂದೂಕಿನ ನಳಿಕೆ ತನ್ನಡಿಯ ಮರದ ಭಾಗಕ್ಕೆ ಎಲ್ಲೂ ತಾಗದೆ, ನಡುವೆ ಡಾಲರ್ ನೋಟೊಂದು ಸಲೀಸಾಗಿ ಓಡಾಡುವವರೆಗೆ ಮರವನ್ನು ಉಜ್ಜಿದೆ. ನೂರು ಗಜದಲ್ಲಿ ಮೂರು ಗುಂಡು ಹೊಡೆದರೆ ಗುರಿಕಾಗದದ ಮೂರೂ ತೂತುಗಳು ಒಂದು ನಾಣ್ಯದಡಿ ಅಡಗಿದವು. ಆ ಕಾಗದವನ್ನು ಚರ್ಚಿನ ಊಟದಲ್ಲಿ ಪಾದ್ರಿಗೂ ತೋರಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಬದುಕುತ್ತಿದ್ದೆ. ಚೌಕಟ್ಟು ಹಾಕಿಸಿ ಶಿಕಾರಿ ಮನೆಯ ಗೋಡೆಗೆ ತೂಗುಹಾಕಿದೆ. ವೆರ್ನಾ ಅದರ ಮುಂದೆ ಬಹಳ ಹೊತ್ತು ನಿಂತಿದ್ದು, “ಇನ್ಮೇಲೆ ಬಂದೂಕಿನದು ಏನೂ ತಪ್ಪಿಲ್ಲ, ಅಲ್ವೇನೋ?” ಎಂದಳು. ಏನೂ ಇಲ್ಲ ಎಂದೆ. ಎಲ್ಲರೆದುರು ಕಾಗದದ ಕೆಳಗೆ ಸಹಿಯನ್ನೂ ಹಾಕಿದೆ.

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಶನಿವಾರ, ನೀರು ಕಲ್ಲಾಗುವ ಚಳಿಯಲ್ಲಿ, ಹತ್ತು ಕವಲಿನ ಕೊಂಬಿನ ಗಂಡುಜಿಂಕೆಯೊಂದು ಅರವತ್ತು ಗಜದಲ್ಲಿ ಬಂದು, ಫೋಟೋ ತೆಗೆಸಿಕೊಳ್ಳುವವರ ಹಾಗೆ ಅಡ್ಡಲಾಗಿ ನಿಂತಿತು. ಆಗಸ್ಟಿನ ಬರಿಬೆರಳಿಗೆ ಹೊಂದಿಸಿದ ಟ್ರಿಗರಿಗೆ ನವೆಂಬರಿನ ಉಣ್ಣೆಯ ಕೈಗವಸಿನ ಪರಿಚಯವಿರಲಿಲ್ಲ. ನಾನಿನ್ನೂ ರೈಫಲನ್ನು ಎತ್ತುತ್ತಿದ್ದೆ, ಬೆರಳು ಮುಟ್ಟಿದ್ದು ನನಗೆ ಗೊತ್ತೂ ಆಗಲಿಲ್ಲ, ಗುಂಡು ಹೋಗಿ ಹೆಮ್ಲಾಕ್ ಮರವೊಂದರ ನಟ್ಟನಡುವೆ ಕೂತಿತು. ಜಿಂಕೆ ಮರವನ್ನೂ ನನ್ನನ್ನೂ ಒಮ್ಮೆ ನೋಡಿ, ಅವಸರವಿಲ್ಲದೆ ಹೋಯಿತು.

ಸಂಜೆ ಊಟದ ಮೇಜಿನ ಮುಂದೆ ವಿಚಾರಣೆ ನಡೆಯಿತು. ನಾನು ಕೈಗವಸಿನ ಮೇಲೆ ಅರ್ಧ ಗಂಟೆ ವಾದ ಮಂಡಿಸಿದೆ. ಚಿಕ್ಕಪ್ಪ ಬೊಲೋನಿ ಸಾಸೇಜು ಅಗಿಯುತ್ತಾ ಪೂರ್ತಿ ಕೇಳಿ, “ಕೈಗವಸು ಬಂದೂಕಿಗೆ ಹಾಕ್ಕೊಂಡಿದ್ದೇನೋ, ಕೈಗೇನೋ?” ಎಂದು ಕತ್ತರಿ ತೆಗೆದ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರೆ. ಮೂರ್ಖನಾದ ನಾನು ನೆಲವನ್ನೇ ಸಮ ಮಾಡಿ ಆಮೇಲೆ ಕುಣಿಯಲು ಹೋಗಿದ್ದೆ. ಮೂರನೆಯ ತುಂಡಿನಲ್ಲಿ ‘ಕಾರಣ: ಎಲ್ವುಡ್’ ಎಂದಿದೆ.

ಸೋಮವಾರ ಬೆಳಿಗ್ಗೆ ವೆರ್ನಾ ಆ ಕಲ್ಲಿನ ಮೇಲೆ ಕೂತು, ಮರಳು ತುಂಬಿದಂತೆ ಕರಕರ ಎನ್ನುವ ಅಪ್ಪನ ಹಳೇ ಟ್ರಿಗರನ್ನು ಎಳೆದು, ಅದೇ ಜಿಂಕೆಯನ್ನು ಒಂದೇ ಗುಂಡಿಗೆ ಕೆಡವಿದಳು. ಹೇಗೆ ಎಂದು ಕೇಳಿದ್ದಕ್ಕೆ, “ಬೆರಳಿಗೂ ಯೋಚ್ನೆ ಮಾಡೋಕೆ ಒಂದಿಷ್ಟು ಹೊತ್ತು ಬೇಕು ಕಣೋ. ಅಪ್ಪ ನಿಂಗೂ ಹೇಳಿದ್ರು, ನೀನು ಕೇಳಿಸ್ಕೊಳ್ಳಲಿಲ್ಲ” ಎಂದಳು. ಅದರ ಗುಂಡಿಗೆಯನ್ನು ಈರುಳ್ಳಿಯ ಜೊತೆ ಹುರಿದು ಮೊದಲ ತುಂಡನ್ನು ನನ್ನ ತಟ್ಟೆಗೇ ಬಡಿಸಿದಳು. ಹೊಟ್ಟೆ ಉರಿಯುತ್ತಿತ್ತು, ಆದರೂ ಎರಡು ಸಲ ಹಾಕಿಸಿಕೊಂಡೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಈ ರೈಫಲಿನೊಳಗಿನ ಯಾವುದೋ ಒಂದು ಸ್ಕ್ರೂ ನವೆಂಬರ್ ಕೊನೆಯ ಶನಿವಾರ ತಾನಾಗಿಯೇ ಸಡಿಲವಾಯಿತೆಂದು ಕಂಪನಿಯ ಮೊಹರು ಒತ್ತಿ ಕ್ಲೆಟಸ್ ಚಿಕ್ಕಪ್ಪನಿಗೆ ಒಂದು ಪತ್ರ ಬರೆಯಬೇಕೆಂದು ಬೇಡುತ್ತೇನೆ. ಅದು ಸಾಧ್ಯವಿಲ್ಲದಿದ್ದರೆ ಏಳು ಪೌಂಡಿನ ಆ ಪೂಜ್ಯ ಟ್ರಿಗರನ್ನಾದರೂ ಕಳಿಸಿಕೊಡಿ. ಎಂಟು ಪೌಂಡಿನದಿದ್ದರೆ ಇನ್ನೂ ಸಂತೋಷ.

ಇತಿ ತಮ್ಮ ವಿಶ್ವಾಸಿ, ಹಾಗೂ ಬೆನ್ನಿಗೆ ಗಾಳಿ ಹೊಡೆಸಿಕೊಳ್ಳುತ್ತಿರುವ,
ಎಲ್ವುಡ್ ಸ್ಟಾಲ್‌ನೆಕರ್

ತಾ.ಕ.: ಟ್ರಿಗರನ್ನು ಹೊಸ ರೈಫಲಿಗೆ ಜೋಡಿಸಿಯೇ ಕಳಿಸಿ. ನಾನು ನಯ ಮಾಡಿದ ರೈಫಲನ್ನು, ಚೌಕಟ್ಟು ಹಾಕಿದ ಆ ಕಾಗದದ ಸಮೇತ, ಈ ಕ್ರಿಸ್‌ಮಸ್ಸಿಗೆ ವೆರ್ನಾಳಿಗೆ ಪ್ರೀತಿಯಿಂದ ಉಡುಗೊರೆ ಕೊಡುತ್ತಿದ್ದೇನೆ. ಜೊತೆಗೊಂದು ಜೊತೆ ಕೈಗವಸನ್ನು ನನ್ನ ಹೆಂಡತಿ ಹೆಣೆಯುತ್ತಿದ್ದಾಳೆ. ಉಣ್ಣೆ ಎಷ್ಟು ದಪ್ಪವಾದರೂ ಪರವಾಗಿಲ್ಲ ಎಂದು ಹೇಳಿದ್ದೇನೆ.