ಹೌಗನ್ ಮೇಡಂ ಬಾತುಕೋಳಿ

ಎಲ್ಲಾ ಆದದ್ದು ಎರಡು ಡಬ್ಬಿ ಕಿತ್ತಳೆ ರಸದಿಂದ. ಬೆಳಿಗ್ಗೆ ಶಾಲೆಯ ಕ್ಯಾಂಟೀನಿನಲ್ಲಿ ಒಂದು ಕುಡಿದಿದ್ದರೆ ಸಾಕಿತ್ತು. ಗೆಳತಿ ಮಾಯ್ ತನಗೆ ಬೇಡವೆಂದು ತಳ್ಳಿದ್ದನ್ನೂ ಎಮೆಟ್ ಕುಡಿದ. ಮೂರನೆಯ ಪೀರಿಯಡ್ಡಿಗೆ ಕಾಲು ಹೆಣೆದುಕೊಂಡು ಕೂತಿದ್ದ.

ಆ ಹೈಸ್ಕೂಲಿನಲ್ಲಿ ಪಾಠದ ಹೊತ್ತಿಗೆ ಕಾರಿಡಾರಿಗೆ ಕಾಲಿಡಬೇಕಾದರೆ ಕೈಯಲ್ಲಿ ಪಾಸ್ ಇರಬೇಕು. ಬೇರೆ ಮೇಷ್ಟ್ರುಗಳು ಚೀಟಿ ಕೊಡುತ್ತಿದ್ದರು. ಚರಿತ್ರೆಯ ಹೌಗನ್ ಮೇಡಂ ಕೊಡುತ್ತಿದ್ದದ್ದು ಮರದ ಬಾತುಕೋಳಿ. ಬೇಟೆಯಲ್ಲಿ ನಿಜವಾದ ಬಾತುಗಳನ್ನು ಸೆಳೆಯಲು ನೀರಿನ ಮೇಲೆ ತೇಲಿಬಿಡಲೆಂದು ಅವರ ಅಪ್ಪ ಕೈಯಾರೆ ಕೆತ್ತಿದ್ದು; ಹಸಿರು ತಲೆ, ಕುಂಬಳಕಾಯಿಯಷ್ಟು ದಪ್ಪ. ಇಷ್ಟು ದೊಡ್ಡದನ್ನು ಯಾವ ಮಗುವೂ ಕಳೆಯಲಾರದು ಎಂಬುದು ಅವರ ಧೈರ್ಯ.

ಎಮೆಟ್ ಅದನ್ನು ಕೇಳಿ ಪಡೆದು ಹೋಗಿ, ಬಚ್ಚಲಿನ ಕಿಟಕಿಯ ಕಟ್ಟೆಯ ಮೇಲಿಟ್ಟ. ಕೈ ತೊಳೆಯುವಾಗ ಹೊರಗೆ ಬೀಗದ ಕೈ ಗೊಂಚಲಿನ ಸದ್ದಾಯಿತು. ಕಾರಿಡಾರ್ ಕಾಯುವ ಡಾಬ್ಸ್. ಐದು ನಿಮಿಷ ಮೀರಿದವರ ಹೆಸರನ್ನು ಆತ ಬರೆದುಕೊಳ್ಳುತ್ತಾನೆ. ಎಮೆಟ್‌ನ ಹೆಸರು ಆಗಲೇ ಎರಡು ಸಲ ಬಿದ್ದಿತ್ತು. ಮೂರನೆಯದು ಬಿದ್ದರೆ ಹಳೆಯ ವಿದ್ಯಾರ್ಥಿಗಳೆಲ್ಲ ಶಾಲೆಗೆ ಮರಳಿ ಬರುವ ಶುಕ್ರವಾರದ ಹೋಮ್‌ಕಮಿಂಗ್ ಪಂದ್ಯಕ್ಕೆ ಬ್ಯಾಂಡಿನಿಂದ ಹೊರಗೆ. ದೊಡ್ಡ ಡ್ರಮ್ಮು ಅವನಿಗೆ ಸಿಕ್ಕಿದ್ದೇ ಈ ವರ್ಷ. ಮಗ ಬಾರಿಸುವುದನ್ನು ಒಮ್ಮೆಯೂ ನೋಡದ ಅವನಮ್ಮ, ಆಸ್ಪತ್ರೆಯಲ್ಲಿ ಮೂವರು ನರ್ಸುಗಳನ್ನು ಕಾಡಿ ಬೇಡಿ ಶುಕ್ರವಾರ ಸಂಜೆಯ ಪಾಳಿ ಬದಲಿಸಿಕೊಂಡಿದ್ದಳು.

ಅವನು ಓಡಿದ. ಬೆಂಚಿನಲ್ಲಿ ಕೂತ ಮೇಲೆ ಕೈ ನೋಡಿಕೊಂಡ. ಖಾಲಿ.

ಹೌಗನ್ ಮೇಡಂ ಬೋರ್ಡಿನ ಕಡೆ ತಿರುಗಿದ್ದರು. ಬಾತುಕೋಳಿ ತರಲು ಹೊರಗೆ ಹೋಗಬೇಕು. ಹೊರಗೆ ಹೋಗಲು ಬಾತುಕೋಳಿ ಬೇಕು.

ಗಂಟೆ ಹೊಡೆದದ್ದೇ ತಡ, ಬಚ್ಚಲಿಗೆ ಹಾರಿದ. ಕಿಟಕಿ ಬೋಳಾಗಿತ್ತು.

ಊಟದ ಹೊತ್ತಿಗೆ ಸುದ್ದಿ ಮೇಜಿನಿಂದ ಮೇಜಿಗೆ ಹರಿಯಿತು. ಹೋಮ್‌ಕಮಿಂಗ್ ವಾರದಲ್ಲಿ ದಿನಕ್ಕೊಂದು ವೇಷ. ಅಂದು ಪೈಜಾಮದ ಸರದಿ. ಮಲಗುವ ಬಟ್ಟೆ ತೊಟ್ಟವರೆಲ್ಲ ಪಿಜ್ಜಾ ಜಗಿಯುತ್ತ ಬುದ್ಧಿ ಹೇಳಲು ಬಂದರು.

"ಹೋದ ವರ್ಷ ಒಬ್ಬ ಅದರ ಕೊಕ್ಕಿಗೆ ಗೀರು ಹಾಕಿದ್ದ ಕಣೋ," ಅಂದ ಒಬ್ಬ. "ಈಗ ಬೇರೆ ಸ್ಕೂಲಲ್ಲಿದಾನೆ."

"ಬರೀ ಗೀರಿಗಾ?" ಎಮೆಟ್ ಪಿಜ್ಜಾ ತುಂಡನ್ನು ತಟ್ಟೆಗಿಟ್ಟ.

"ಮೇಡಂ ಮನೆಗೆ ಹೊರಡೋ ಮುಂಚೆ ದಿನಾ ಅದರ ಬೆನ್ನು ಸವರ್ತಾರಂತೆ," ಅಂದಳು ಮಾಯ್. "ಮೂರು ಗಂಟೆವರೆಗೂ ಟೈಮಿದೆ ನಿಂಗೆ. ಹೋಗಿ ಒಪ್ಕೊಂಡ್ಬಿಡು."

"ಡ್ರಮ್ಮು?"

"ನಾನು ಬಾರಿಸ್ತೀನಿ ಬಿಡು. ಕೊಳಲು ಊದಿ ಊದಿ ನಂಗೂ ಬೇಜಾರಾಗಿದೆ."

ಅಷ್ಟರಲ್ಲಿ ಬೀಗದ ಕೈ ಗೊಂಚಲಿನ ಸದ್ದು ಕೇಳಿಸಿತು. ಎಮೆಟ್ ತಟ್ಟೆ ಬಿಟ್ಟೆದ್ದು ಬ್ಯಾಂಡಿನ ಉಗ್ರಾಣ ಹೊಕ್ಕ. ಮೂಲೆಯಲ್ಲಿ ಶಾಲೆಯ ತಂಡದ ಗುರುತಾದ, ತಲೆಯಿಂದ ಕಾಲಿನವರೆಗೂ ಮುಚ್ಚುವ ಹಳದಿ ಬಾತುಕೋಳಿ ವೇಷ ನೇತಾಡುತ್ತಿತ್ತು, ನೆನೆದ ನಾಯಿಯ ವಾಸನೆ ಬೀರುತ್ತ. ಅದರ ಹಿಂದೆ ಹಳೆಯ ಡ್ರಮ್ಮಿನ ಪೆಟ್ಟಿಗೆ. ಒಳಗೆ ಅಡಗೋಣವೆಂದು ಮುಚ್ಚಳ ಎತ್ತಿದ.

ಒಳಗೆ ಮರದ ಬಾತುಕೋಳಿಯೊಂದು ಕೂತು ಅವನನ್ನೇ ನೋಡುತ್ತಿತ್ತು.

ಅದೇ ಗಾತ್ರ, ಅದೇ ಹಸಿರು ತಲೆ. ಬರೀ ದೂಳು. ಎಮೆಟ್ ಅದನ್ನು ಪೈಜಾಮದ ಅಂಗಿಯಿಂದಲೇ ಒರೆಸಿ, ಅಂಗಿಯೊಳಗೇ ತುರುಕಿಕೊಂಡು ಹೊರಬಿದ್ದ. ಬಾಗಿಲಲ್ಲೇ ಡಾಬ್ಸ್.

"ಏನಯ್ಯಾ ಹೊಟ್ಟೇಲಿ?"

"ಊಟ, ಸಾರ್."

"ನಿನ್ನ ಊಟ ಕೊಕ್ಕು ಹೊರಗೆ ಹಾಕಿ ನನ್ನೇ ನೋಡ್ತಾ ಇದೆ." ಡಾಬ್ಸ್ ಬಗ್ಗಿದ. "ಓ, ಹೌಗನ್ ಮೇಡಂ ಪಾಸಾ? ಅದನ್ಯಾಕೆ ಬಚ್ಚಿಡ್ತೀಯಾ. ಹೋಗು ಹೋಗು."

ಮೇಡಂ ಕೋಣೆ ಖಾಲಿ ಇತ್ತು. ಕಪಾಟಿನ ಮೇಲೆ ಬಾತುಕೋಳಿ ಕೂರಿಸಿ, ಅದರ ಬೆನ್ನು ಒಮ್ಮೆ ತಾನೂ ಸವರಿ ಓಡಿದ. ಬೆಳಗಿನಿಂದ ಮೊದಲ ಬಾರಿ ಉಸಿರು ಹೊಟ್ಟೆಯವರೆಗೂ ಇಳಿಯಿತು.

ಆ ಸುಖ ಎರಡೂವರೆಯವರೆಗೆ. ಗೋಡೆಯ ಸ್ಪೀಕರ್ ಗೊರಗೊರ ಅಂದಿತು: "ಎಮೆಟ್ ಲುಂಡೀನ್, ಪ್ರಿನ್ಸಿಪಾಲರ ಕೋಣೆಗೆ ಬರತಕ್ಕದ್ದು."

ಇಡೀ ತರಗತಿ ಒಟ್ಟಿಗೆ "ಊ..." ಎಂದಿತು. ಮಾಯ್ ಅವನ ಭುಜ ತಟ್ಟಿದಳು, ಆಪರೇಷನ್ನಿಗೆ ಹೊರಟವನನ್ನು ತಟ್ಟುವ ಹಾಗೆ.

ಕೋಣೆಯಲ್ಲಿ ಪ್ರಿನ್ಸಿಪಾಲರು, ಉದ್ದನೆಯ ನೈಟ್‌ಗೌನಿನಲ್ಲಿ ಹೌಗನ್ ಮೇಡಂ, ಬಾಗಿಲಿಗೆ ಅಡ್ಡ ಡಾಬ್ಸ್. ಮೇಜಿನ ಮೇಲೆ ಎರಡು ಬಾತುಕೋಳಿ. ನಾಲ್ಕು ಗಾಜಿನ ಕಣ್ಣೂ ಎಮೆಟ್‌ನ ಮೇಲೆ.

"ಇದು ನಂದು," ಅಂದರು ಮೇಡಂ, ಒಂದನ್ನು ಮುಟ್ಟಿ. "ನೀನು ಬಚ್ಚಲಲ್ಲಿ ಬಿಟ್ಟು ಬಂದೆ. ಡಾಬ್ಸ್ ಆಗಲೇ ತಂದುಕೊಟ್ಟ. ಡ್ರಾಯರಲ್ಲಿಟ್ಟು, ನೀನೇ ಬಂದು ಹೇಳ್ತೀಯೇನೋ ಅಂತ ಕಾಯ್ತಾ ಇದ್ದೆ. ಬರಲಿಲ್ಲ. ಕಪಾಟಿನ ಮೇಲೆ ಈ ಇನ್ನೊಂದು ಬಂತು."

"ಮಧ್ಯಾಹ್ನ ಇವನ ಹೊಟ್ಟೇಲಿ ನೋಡಿದ್ದು ಇದನ್ನೇ," ಅಂದ ಡಾಬ್ಸ್. "ಇದೆಲ್ಲಿ ಸಿಕ್ತಯ್ಯಾ?"

ಎಮೆಟ್‌ಗೆ ಮಾತು ಒಂದೊಂದೇ ಹೊರಬಿತ್ತು. ಉಗ್ರಾಣ. ಹಳೇ ಪೆಟ್ಟಿಗೆ. ಕದ್ದಿಲ್ಲ ಸಾರ್. ನಮ್ಮಮ್ಮಂಗೆ ಹೇಳ್ಬೇಡಿ ಸಾರ್.

ಪ್ರಿನ್ಸಿಪಾಲರು ಎದ್ದು ನಿಂತರು. ಅವರ ಗಲ್ಲ ನಡುಗುತ್ತಿತ್ತು. "ಈ ಜೋಡೀನ ಕೆತ್ತಿದ್ದು ಮೇಡಂ ಅಪ್ಪನೇ ಕಣಪ್ಪಾ. ಒಂದನ್ನ ಸ್ಕೂಲಿಗೆ ಕೊಟ್ಟಿದ್ರು. ಪ್ರತಿ ಹೋಮ್‌ಕಮಿಂಗಿಗೂ ಅದನ್ನ ಮೈದಾನದ ಸುತ್ತ ಹೊರ್ತಿದ್ವಿ. ಹದಿನೆಂಟು ವರ್ಷದ ಹಿಂದೆ ಮಾಯವಾಯ್ತು. ಪಕ್ಕದೂರಿನ ಸ್ಕೂಲಿನವರೇ ಕದ್ದರು ಅಂತ ಅವತ್ತಿಂದ ಅವರ ಹತ್ರ ಮಾತೇ ಬಿಟ್ಟಿದ್ವಿ."

ಹೌಗನ್ ಮೇಡಂ ಗೌನಿನ ತೋಳಿಂದ ಕಣ್ಣೊರೆಸಿಕೊಂಡರು. "ಡಾಬ್ಸ್ ಪಟ್ಟೀಲಿ ಎರಡು ಸಲ ಬಿದ್ದಿರೋ ನಿನ್ನ ಹೆಸರನ್ನ ಹೊಡೆದು ಹಾಕಿಸ್ತೀನಿ ಮರಿ."

ಎಮೆಟ್‌ಗೆ ನೆಲ ಮತ್ತೆ ಕಾಲಿಗೆ ಸಿಕ್ಕಿತು. "ಹಾಗಾದ್ರೆ ಶುಕ್ರವಾರ..."

"ಶುಕ್ರವಾರ ಈ ಬಾತುಕೋಳಿ ಹೊತ್ಕೊಂಡು ಎಲ್ಲರ ಮುಂದೆ ನಡೆಯೋನು ನೀನೇ," ಅಂದರು ಪ್ರಿನ್ಸಿಪಾಲರು. "ಹೊರೋನು ವೇಷ ಹಾಕೋದು ನಮ್ಮ ಪದ್ಧತಿ. ಉಗ್ರಾಣದಲ್ಲಿ ನೇತು ಹಾಕಿದೆಯಲ್ಲ, ಅದು."

"ನನ್ನ ಡ್ರಮ್ಮು, ಸಾರ್?"

"ಅದಕ್ಕೇನು. ಆ ಕೊಳಲು ಊದೋ ಹುಡುಗಿ ಆಗಲೇ ಬಂದು ಕೇಳ್ಕೊಂಡು ಹೋದಳು."

ಸಂಜೆ ಆಸ್ಪತ್ರೆಯಿಂದ ಅಮ್ಮ ಫೋನು ಮಾಡಿದಳು. "ಪಾಳಿ ಗಟ್ಟಿಯಾಯ್ತು ಕಣೋ. ಮುಂದಿನ ಸಾಲಲ್ಲೇ ಕೂರ್ತೀನಿ. ಅಷ್ಟು ಜನದಲ್ಲಿ ನಿನ್ನ ಗುರುತು ಸಿಗುತ್ತೇನೋ?"

ಎಮೆಟ್ ಅಂಗಿ ಮೂಸಿ ನೋಡಿಕೊಂಡ. ಅಳತೆ ನೋಡಲು ಆ ವೇಷವನ್ನು ಒಮ್ಮೆ ಹಾಕಿ ತೆಗೆದಿದ್ದಕ್ಕೇ ನೆನೆದ ನಾಯಿಯ ವಾಸನೆ ಹತ್ತಿತ್ತು.

"ಸಿಗುತ್ತಮ್ಮ," ಅಂದ. "ಹಳದಿ ಬಣ್ಣದಲ್ಲಿರ್ತೀನಿ."