ಸೌನಾ ಬಾಗಿಲಿನ ಕಾವಲು

“ಕೇಳೇ ಲೆಂಪಿ. ಎಂಬತ್ತೊಂದು ವರ್ಷ ಬದುಕಿದೀನಿ. ಹುಟ್ಟಿದ್ದು ಸೌನಾದಲ್ಲಿ, ಸತ್ತಾಗ ನನ್ನ ತೊಳೆಯೋದೂ ಅಲ್ಲೇ ಆಗ್ಬೇಕು. ಆಸ್ಪತ್ರೇಲಿ ಮೂರು ಶನಿವಾರದ ಸೌನಾ ಹಾಳಾಯ್ತು, ಹೋಗ್ಲಿ. ನ್ಯುಮೋನಿಯಾ ಅಂತೆ! ಕಾದ ಕಲ್ಲಿನ ಮೇಲೆ ನಾಲ್ಕು ಸೌಟು ನೀರು ಹುಯ್ದು ಹಬೆ ಎಳ್ಕೊಂಡ್ರೆ ಎದೆಯಿಂದ ತಾನೇ ಓಡ್ಹೋಗುತ್ತೆ. ಆ ಡಾಕ್ಟರಿಗೇನು ಗೊತ್ತು? ಇನ್ನೂ ಮೀಸೆ ಬಂದಿಲ್ಲ!”

ಆಸ್ಪತ್ರೆಯಿಂದ ಬಂದ ನನ್ನ ಗಂಡ ತಾವೆಟ್ಟಿ ಬೂಟು ಬಿಚ್ಚುವ ಮುಂಚೆಯೇ ಮಾಡಿದ ಭಾಷಣ ಇದು. ನಡುನಡುವೆ ಬಂದ ಕೆಮ್ಮನ್ನು ನಾನು ಬಿಟ್ಟು ಬರೆದಿದ್ದೇನೆ.

ಆ ಮೀಸೆ ಬಾರದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: ಈ ಚಳಿಗಾಲಕ್ಕೆ ಇದು ಎರಡನೆಯದು, ಮೂರನೆಯದನ್ನು ಆ ಎದೆ ತಡೆಯುವುದಿಲ್ಲ. ಎರಡು ವಾರ ಸೌನಾದ ಹಬೆಸ್ನಾನ ಬೇಡ. ಮಲಗೇ ಇರಬಾರದು. ಗಂಟೆಗೊಮ್ಮೆ ನೀರಿನ ಬಾಟಲಿಗೆ ಕೊಳವೆ ಇಳಿಬಿಟ್ಟು ಹತ್ತು ಸಲ ಊದಬೇಕು.

ನಾನು ಅಲ್ಲೇ ಶಪಥ ಮಾಡಿದೆ. ಸಾವು ಈ ಮುದುಕನ ಹತ್ತಿರ ಬರುವುದಾದರೆ ಮೊದಲು ನನ್ನನ್ನು ದಾಟಲಿ!

ಶನಿವಾರ ಬಂತು, ಊರಿಗೆಲ್ಲ ಸೌನಾ ದಿನ. ಮಧ್ಯಾಹ್ನ ಎರಡಕ್ಕೇ ಕತ್ತಲು. ಅಂಗಳದಾಚೆಯ ಸೌನಾ ಗುಡಿಸಲಿಗೆ ಬೀಗ ಜಡಿಯೋಣವೆಂದರೆ ನಮ್ಮ ಫಿನ್ಲೆಂಡಿನಲ್ಲಿ ಸೌನಾಕ್ಕೆ ಬೀಗ ಹಾಕಿದವರುಂಟೇ? ಚಿಲಕವೇ ಇಲ್ಲ! ಹಾಗಾಗಿ ನಾನೇ ಬೀಗವಾದೆ. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿ ಮನೆಚಪ್ಪಲಿ, ಏಪ್ರನ್ ತೊಟ್ಟು ಸೌನಾದ ಮೆಟ್ಟಿಲ ಮೇಲೆ ಸಿಂಹಾಸನವೇರಿದೆ.

ಪಕ್ಕದ ಮನೆಯ ಹೆಲ್ವಿ ಹಾದುಹೋಗುತ್ತಾ ನಿಂತಳು. “ಏನೇ ಇದು, ತಣ್ಣಗಿರೋ ಸೌನಾನ ಕಾಯ್ತಿದೀಯಾ?”

“ಗಂಡನ್ನ ಕಾಯ್ತಿದೀನಿ.”

“ಒಳಗಿದಾನಾ?”

“ಇಲ್ಲ. ಅದಕ್ಕೇ ಕಾಯ್ತಿರೋದು!”

ಇವಳಿಗೆ ತಲೆ ಕೆಟ್ಟಿದೆಯೇ ಎಂಬಂತೆ ಅವಳು ನನ್ನನ್ನೊಮ್ಮೆ ನೋಡಿ ಹೋದಳು. ಅಡುಗೆಮನೆ ಕಿಟಕಿಯಲ್ಲಿ ತಾವೆಟ್ಟಿ ಕೈ ಬೀಸಿದ. ನಾನು ಮುಷ್ಟಿ ತೋರಿಸಿದೆ. ಮತ್ತೆ ಬೀಸಿದ. ಎರಡೂ ಮುಷ್ಟಿ ತೋರಿಸಿದೆ! ಹೀಗೆ ಒಂದೂವರೆ ಗಂಟೆ ಯುದ್ಧ ನಡೆದು ಜಯ ನನ್ನದಾಯಿತು.

ಬುಧವಾರ ನನಗೆ ಜ್ವರ, ಎದೆಯಲ್ಲಿ ಚೂರಿ. ಮನೆಗೆ ಬಂದ ನರ್ಸಮ್ಮ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ ಮುಖ ಸಪ್ಪಗೆ ಮಾಡಿದಳು.

“ನಿಮಗೂ ನ್ಯುಮೋನಿಯಾನೇ ಅಜ್ಜಿ. ಚಳಿ ಒಂದನ್ನೇ ಬೈಬೇಡಿ. ಲಸಿಕೆ ಹಾಕಿಸಿದ್ರಾ?”

“ಹಾಕಿಸ್ದೆ. ಕಿವಿ ಹಿಡಿದು ಎಳ್ಕೊಂಡ್ಹೋಗಿ ಹಾಕಿಸ್ದೆ.”

“ಅದು ತಾತನಿಗೆ. ನಿಮಗೆ?”

ನಾನು ಚಾವಣಿ ನೋಡಿದೆ.

ಅವಳು ಹೋದ ಮೇಲೆ ತಾವೆಟ್ಟಿಯನ್ನು ಕೇಳಿದೆ. “ಆವತ್ತು ನಾನು ಕಣ್ಣು ತಪ್ಪಿಸಿದ್ರೆ ನೀನು ಸೌನಾಕ್ಕೆ ನುಗ್ತಿದ್ದೆ ಅಲ್ವಾ?”

“ಎಲ್ಲಿ ನುಗ್ಲಿ ಮಾರಾಯ್ತಿ? ಅಂಗಿ ಬಿಚ್ಚೋಕೂ ಉಸಿರು ಸಾಲ್ತಿರ್ಲಿಲ್ಲ. ಸುಮ್ನೆ ಬಾಯಿಮಾತಿಗೆ ಅಂದಿದ್ದು.”

“ಮತ್ತೆ ಕೈ ಬೀಸಿದ್ದು?”

“ಒಳಗೆ ಬಾರೇ ಅಂತ. ಕೂಗ್ದೆ ಕೂಡ. ದನಿ ಕಿಟಕಿ ದಾಟ್ಲಿಲ್ಲ.”

ಅವನು ಗೋಡೆ ಹಿಡಿದುಕೊಂಡು ಎದ್ದು, ಸಿಂಕಿನ ಮುಂದೆ ನಿಂತು, ರಾತ್ರಿಯ ಸಾರಿಗೆ ಆಲೂಗಡ್ಡೆ ಸುಲಿಯತೊಡಗಿದ. ಒಂದು ಸುಲಿದು ನಿಲ್ಲುವನು, ಉಸಿರು ತೆಗೆದುಕೊಳ್ಳುವನು, ಇನ್ನೊಂದಕ್ಕೆ ಕೈ ಹಾಕುವನು.